ಹಿರಿಯರ ಕಟ್ಟೆ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 68. ಯಜಮಾನರು ಹೋದ ಮೇಲೆ ನನ್ನ ಹೆಸರಲ್ಲಿದ್ದ ಮೂರು ಎಕರೆ ಹೊಲ ಮಗನಿಗೆ ದಾನಪತ್ರ ಮಾಡಿಕೊಟ್ಟೆ. ಈಗ ಉಂಡೆಯಾ ಅಂತ ಕೇಳುವವರಿಲ್ಲ. ಕೋರ್ಟಿಗೆ ಅಲೆಯಲು ದುಡ್ಡಿಲ್ಲ. ಹೊಲ ತಿರುಗಿ ಬರುತ್ತದೆಯೇ?
(ಸಿಂಧನೂರು ತಾಲ್ಲೂಕು)

ಉತ್ತರ: ಕೋರ್ಟಿನ ಮಾತು ಈಗಲೇ ಬೇಡ ತಾಯಿ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದೇ 2007ರ ಕಾಯ್ದೆ ಇದೆ. ಅದರ ನ್ಯಾಯಮಂಡಳಿ ಇರುವುದು ಉಪವಿಭಾಗಾಧಿಕಾರಿಯ, ಅಂದರೆ ಎ.ಸಿ.ಯವರ ಕಚೇರಿಯಲ್ಲಿ. ನಿಮ್ಮ ತಾಲ್ಲೂಕಿಗೆ ಅದು ಲಿಂಗಸುಗೂರು. ತಹಶೀಲ್ದಾರರಿಗೆ ಈ ಅಧಿಕಾರವಿಲ್ಲ. ವಕೀಲರನ್ನು ಹಿಡಿಯಲೇಬೇಕೆಂದೂ ಇಲ್ಲ. ನಿಮ್ಮ ಪರವಾಗಿ ಮಾತಾಡಲು ಜೀವನಾಂಶ ಅಧಿಕಾರಿಯನ್ನು ಕೇಳಿಕೊಳ್ಳಬಹುದು.

ಅರ್ಜಿಯಲ್ಲಿ ಎರಡು ಬೇಡಿಕೆಗಳನ್ನು ಬೇರೆ ಬೇರೆಯಾಗಿ ಬರೆಸಿ. ಮೊದಲನೆಯದು ತಿಂಗಳ ಜೀವನಾಂಶ. ಕಾಯ್ದೆಯಲ್ಲಿ ಇದರ ಮೇಲ್ಮಿತಿ 10,000 ರೂಪಾಯಿ. ಮಗನಿಗೆ ನೋಟಿಸ್ ಮುಟ್ಟಿದ 90 ದಿನದೊಳಗೆ ತೀರ್ಮಾನವಾಗಬೇಕು, ಹೆಚ್ಚೆಂದರೆ ಇನ್ನೊಂದು 30 ದಿನ. ಅಲ್ಲಿಯವರೆಗೆ ಮಧ್ಯಂತರ ಭತ್ಯೆಯನ್ನೂ ಕೇಳಿ. ಬಹಳ ಮಂದಿ ಇದನ್ನು ಕೇಳುವುದೇ ಇಲ್ಲ.

ಎರಡನೆಯದು 23ನೇ ಕಲಂ ಪ್ರಕಾರ ದಾನಪತ್ರದ ರದ್ದತಿ. ಕಷ್ಟ ಇರುವುದು ಇಲ್ಲಿ. ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತಿನ ಮೇಲೆ ಕೊಟ್ಟಿದ್ದರೆ ಮಾತ್ರ ಈ ಕಲಂ ನಿಲ್ಲುತ್ತದೆ. ‘ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ’ ಎಂದಷ್ಟೇ ಪತ್ರ ಬರೆಸಿದವರ ಅರ್ಜಿಗಳೇ ಬಿದ್ದುಹೋಗುವುದು. ಆದ್ದರಿಂದ ಮೊದಲು ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ತೆಗೆಸಿ, ಓದಬಲ್ಲವರಿಂದ ಸಾಲುಸಾಲಾಗಿ ಓದಿಸಿ. ಪತ್ರದಲ್ಲಿ ಷರತ್ತು ಸಿಗದಿದ್ದರೆ, ಆ ಹೊತ್ತಿಗೆ ಮಗ ಬರೆದುಕೊಟ್ಟ ಬೇರೆ ಕಾಗದ ಇದೆಯೇ ಹುಡುಕಿ. ಒಬ್ಬ ತಾಯಿಯ ಪ್ರಕರಣದಲ್ಲಿ ದಾನಪತ್ರದ ದಿನವೇ ಮಗ ಬರೆದುಕೊಟ್ಟಿದ್ದ ವಚನಪತ್ರವನ್ನೂ ಪರಿಗಣಿಸಿ, 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ದಾನವನ್ನು ರದ್ದು ಮಾಡಿತು. ಷರತ್ತು ಎಲ್ಲಿಯೂ ಇಲ್ಲವೆಂದರೂ ಜೀವನಾಂಶದ ದಾರಿ ಮುಚ್ಚುವುದಿಲ್ಲ.

ನಕಲಿನ ಜೊತೆಗೆ ಆಧಾರ್, ಪಹಣಿ, ಔಷಧದ ಚೀಟಿಗಳನ್ನು ಇಡಿ. ಆದೇಶ ನಿಮಗೆ ವಿರುದ್ಧವಾದರೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಇನ್ನೂ ದಾನ ಮಾಡದವರು ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಆ ಒಂದು ಸಾಲನ್ನು ಪತ್ರದೊಳಗೇ ಬರೆಸಿ. ಹೇಗೆ ಶುರು ಮಾಡುವುದೆಂದು ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಅದು ಉಚಿತ.

ಪ್ರಶ್ನೆ: ಅಪ್ಪನಿಗೆ 74, ಬಲ ಮೊಣಕಾಲು ನೋವು. ಕೋಲು ತಂದುಕೊಟ್ಟರೂ ವಾಲುತ್ತಲೇ ನಡೆಯುತ್ತಾರೆ.
(ಕೊಪ್ಪಳ)

ಉತ್ತರ: ಅಪ್ಪ ಬಹುಶಃ ಕೋಲನ್ನು ಬಲಗೈಯಲ್ಲೇ ಹಿಡಿಯುತ್ತಿದ್ದಾರೆ, ತಪ್ಪಾಗಿರುವುದು ಅಲ್ಲೇ. ನೋವಿರುವುದು ಬಲಗಾಲಾದರೆ ಕೋಲು ಎಡಗೈಗೆ ಬರಬೇಕು. ಬಲಗಾಲಿನ ಜೊತೆಗೇ ಅದನ್ನೂ ಮುಂದಿಡಬೇಕು. ಆಗ ಮೈಭಾರ ಹಂಚಿಹೋಗುತ್ತದೆ. ಎತ್ತರ ನೋಡಲು ಚಪ್ಪಲಿ ಹಾಕಿಸಿ ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಡಿಸಿ. ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸಮ ಬರಬೇಕು. ಉದ್ದವಾದರೆ ಭುಜ ಎತ್ತಿಕೊಳ್ಳುತ್ತದೆ, ಗಿಡ್ಡವಾದರೆ ಬೆನ್ನು ಬಾಗುತ್ತದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲಿನ ಜೊತೆ ನೋವಿನ ಕಾಲು ಮೊದಲು. ಕೋಲಿನ ತುದಿಯ ರಬ್ಬರ್ ಬುರುಡೆಯ ಗೀರು ಸವೆದಿದ್ದರೆ ಇವತ್ತೇ ಬದಲಿಸಿ. ನಮ್ಮ ಮನೆಗಳ ನುಣುಪು ಬಂಡೆ ನೆಲದ ಮೇಲೆ ನೀರು ಬಿದ್ದರೆ ಸವೆದ ರಬ್ಬರ್ ಹಿಡಿತ ಬಿಡುತ್ತದೆ.

ಪ್ರಶ್ನೆ: ನನಗೆ 81, ಕೇಂದ್ರ ಸರ್ಕಾರದ ಪಿಂಚಣಿದಾರ. ಜೀವಂತ ಪ್ರಮಾಣಪತ್ರಕ್ಕೆ ಹೋದರೆ ಬೆರಳಚ್ಚು ಬರುವುದಿಲ್ಲ.
(ಬಳ್ಳಾರಿ)

ಉತ್ತರ: ವಯಸ್ಸಾದಂತೆ ಚರ್ಮ ಒಣಗಿ ಬೆರಳಿನ ಗೆರೆ ಸವೆಯುತ್ತದೆ, ಅದು ನಿಮ್ಮ ತಪ್ಪಲ್ಲ. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿಯೇ ಮುಗಿಸಬಹುದು. ಮೊಮ್ಮಕ್ಕಳ ಮೊಬೈಲ್‌ನಲ್ಲಿ ಆಧಾರ್ ಫೇಸ್ ಆರ್‌ಡಿ ಆ್ಯಪ್ ಕೂಡ ಇರಬೇಕು. ಬೆಳಕು ಎದುರಿನಿಂದ ಬೀಳುವಂತೆ ಕೂತು, ಹೇಳಿದಾಗ ಕಣ್ಣು ಮಿಟುಕಿಸಿ. ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗಿ ಕೆಲಸ ಕೆಡುತ್ತದೆ. 80 ದಾಟಿದ ನಿಮಗೆ ಅಕ್ಟೋಬರ್ 1ರಿಂದಲೇ ಅವಕಾಶವಿದೆ, ನವೆಂಬರ್ ನೂಕುನುಗ್ಗಲಿಗೆ ಕಾಯಬೇಡಿ. ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ ಒಂದಂಕಿ ತಪ್ಪಿದರೂ ಪತ್ರ ತಿರಸ್ಕೃತವಾಗಬಹುದು. ಸಂದೇಶ ಬಂತೆಂದು ಸುಮ್ಮನಾಗದೆ, ಒಂದು ವಾರ ಬಿಟ್ಟು ಅದು ಅಂಗೀಕಾರವಾಯಿತೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ.