ಮೊದಲ ಹಾರಾಟಕ್ಕೆ ಮುನ್ನ ಕೆಂಪು ಗೆರೆ ಎಲ್ಲಿರಬೇಕು?

ಪ್ರಶ್ನೆ: ಶಿರಸಿಯಲ್ಲಿ ಗೆಳೆಯನೊಂದಿಗೆ ಸೇರಿ ಕಿಟ್‌ನಿಂದ ಎರಡು ಆಸನಗಳ ವಿಮಾನ ಕಟ್ಟುತ್ತಿದ್ದೇನೆ. ಎಂಜಿನ್ ಬಳಸಿದ ರೋಟ್ಯಾಕ್ಸ್ 912 ಯುಎಲ್‌ಎಸ್. ಕಳೆದ ಮಳೆಗಾಲವಿಡೀ ಅದು ಕಾರವಾರದಲ್ಲಿ, ಕಡಲಿಗೆ ಹತ್ತಿರದ ಶೆಡ್ಡಿನಲ್ಲಿತ್ತು. ಡಿಜಿಟಲ್ ಎಂಜಿನ್ ಮಾನಿಟರಿನಲ್ಲಿ ಕೆಲವು ಮಿತಿಗಳು ಮೊದಲೇ ತುಂಬಿಕೊಂಡಿವೆ. ಅವನ್ನೇ ಇಟ್ಟುಕೊಳ್ಳಬಹುದೇ?

ಉತ್ತರ: ಬೇಡ. ಮಾನಿಟರ್ ತಯಾರಿಸಿದವರಿಗೆ ನಿಮ್ಮ ಎಂಜಿನ್ ಯಾವುದೆಂದು ಗೊತ್ತಿರುವುದಿಲ್ಲ. ನಿಮ್ಮ ಮಾದರಿ ಮತ್ತು ಕ್ರಮಸಂಖ್ಯೆಗೆ ಅನ್ವಯಿಸುವ ಎಂಜಿನ್ ಕೈಪಿಡಿಯೇ ಆಧಾರ. ಕ್ರಮಸಂಖ್ಯೆಯನ್ನು ಒತ್ತಿ ಹೇಳಲು ಕಾರಣವಿದೆ. ಹಳೆಯ ಯುಎಲ್‌ಎಸ್‌ನಲ್ಲಿ ಸೆನ್ಸರ್ ಅಳೆಯುವುದು ಸಿಲಿಂಡರ್ ಹೆಡ್‌ನ ಲೋಹದ ಬಿಸಿಯನ್ನು. ಅದರ ಮಿತಿ 135 ಡಿಗ್ರಿ. 2013ರಿಂದ ಈಚೆಗೆ ಬಂದ ಹೊಸ ಹೆಡ್‌ಗಳಲ್ಲಿ ಅಳೆಯುವುದು ಕೂಲೆಂಟ್‌ನ, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವದ, ಬಿಸಿಯನ್ನು. ಅಲ್ಲಿ ಮಿತಿ 120. ಹೊಸ ಹೆಡ್ಡಿಗೆ ಹಳೆಯ ಮಿತಿ ಕೊಟ್ಟರೆ ಕೂಲೆಂಟ್ ಕುದಿದು ಹೋದರೂ ಪರದೆ ಹಸಿರಾಗಿಯೇ ಇರುತ್ತದೆ.

ಆದರೆ ನಿಮ್ಮ ವಿಷಯದಲ್ಲಿ ನನಗೆ ಮಿತಿಗಳಿಗಿಂತ ಕಾರವಾರದ ಆ ಮಳೆಗಾಲದ್ದೇ ಹೆಚ್ಚಿನ ಚಿಂತೆ. ಹಳೆಯ ಸೆನ್ಸರ್‌ಗಳಿಗೆ ಇರುವುದು ಒಂದೇ ತಂತಿ. ಅರ್ತಿಂಗ್ ಆಗುವುದು ಎಂಜಿನ್ನಿನ ಮೈ ಮೂಲಕ. ಉಪ್ಪುಗಾಳಿಗೆ ಆ ಅರ್ತಿಂಗ್ ಬೋಲ್ಟ್ ಕಿಲುಬು ಹಿಡಿದರೆ ಸರ್ಕಿಟ್ಟಿನ ಪ್ರತಿರೋಧ ಹೆಚ್ಚುತ್ತದೆ. ಬಿಸಿಯ ಸೆನ್ಸರಿನ ಪ್ರತಿರೋಧ ಬಿಸಿ ಏರಿದಂತೆ ಇಳಿಯುವಂಥದ್ದು. ಹಾಗಾಗಿ ಕಿಲುಬು ಸೇರಿಸಿದ ಪ್ರತಿರೋಧವನ್ನು ಮಾನಿಟರ್ ‘ಎಂಜಿನ್ ತಂಪಾಗಿದೆ’ ಎಂದು ಓದುತ್ತದೆ. ಆಯಿಲ್ ಒತ್ತಡದ ಹಳೆಯ ಸೆನ್ಸರಿನಲ್ಲಿ ಇದು ತಿರುವುಮುರುವು: ಪ್ರತಿರೋಧ ಹೆಚ್ಚಾದಷ್ಟೂ ಒತ್ತಡ ಹೆಚ್ಚು ತೋರಿಸುತ್ತದೆ. ಎರಡು ಗೇಜ್‌ಗಳೂ ನಿಮಗೆ ಹಿತವಾದ ಸುಳ್ಳನ್ನೇ ಹೇಳುತ್ತವೆ. ಅಂಥ ಗೇಜಿಗೆ ಎಷ್ಟು ಸರಿಯಾದ ಮಿತಿ ಕೊಟ್ಟರೂ ವ್ಯರ್ಥ.

ಆದ್ದರಿಂದ ಮೊದಲು ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿಯಿರಿ. ಎಂಜಿನ್ ಮೈಗೂ ಮಾನಿಟರಿನ ಅರ್ತ್ ತಂತಿಗೂ ನಡುವೆ ಮಲ್ಟಿಮೀಟರ್ ಹಿಡಿದರೆ ಸೊನ್ನೆಯ ಆಸುಪಾಸು ತೋರಿಸಬೇಕು. ಮಾನಿಟರಿನ ಮೆನುವಿನಲ್ಲಿ ಸೆನ್ಸರಿನ ಬಗೆಯೂ ಸರಿಯಾಗಿರಲಿ. ಆಮೇಲೆ ಆಯಿಲ್ ಬಿಸಿಯ ಸೆನ್ಸರನ್ನು ಬಿಚ್ಚಿ ಕುದಿಯುವ ನೀರಿನಲ್ಲಿ ಅದ್ದಿ. ಅದರ ಲೋಹದ ಮೈಯಿಂದ ಎಂಜಿನ್ನಿಗೆ ಒಂದು ತಂತಿ ಸಿಕ್ಕಿಸುವುದನ್ನು ಮರೆಯಬೇಡಿ. ಬಿಚ್ಚಿದ ಸೆನ್ಸರಿಗೆ ಅರ್ತಿಂಗ್ ಇರುವುದಿಲ್ಲ. ಕಾರವಾರದಲ್ಲಾದರೆ ಪರದೆ 100 ತೋರಿಸಬೇಕು. ಶಿರಸಿ ಘಟ್ಟದ ಮೇಲಿರುವುದರಿಂದ ಅಲ್ಲಿ ನೀರು ಸುಮಾರು 98ಕ್ಕೇ ಕುದಿಯುತ್ತದೆ. ಆ ಎರಡು ಡಿಗ್ರಿಗೆ ಸೆನ್ಸರನ್ನು ದೂರಬೇಡಿ. ಒತ್ತಡಕ್ಕೆ, ಎಂಜಿನ್ ಮೊದಲ ಸಲ ಚಾಲೂ ಮಾಡುವಾಗ ಮುಳ್ಳಿನ ಗೇಜೊಂದನ್ನು ಜೊತೆಗೆ ಜೋಡಿಸಿ ಹೋಲಿಸಿ ನೋಡಿ.

ಈಗ ಮಿತಿಗಳು. ಪರದೆಯಲ್ಲಿ ಹಳದಿ ಎಂದರೆ ಎಚ್ಚರಿಕೆ, ಕೆಂಪು ಎಂದರೆ ದಾಟಬಾರದ ಗೆರೆ. ಆಯಿಲ್ ಬಿಸಿಗೆ ಕೆಂಪು 130, ಹಳದಿ 110ರಿಂದ. ಕೆಳಗಡೆ 50 ಮುಟ್ಟುವವರೆಗೆ ಪೂರ್ತಿ ಶಕ್ತಿ ಕೊಡಬಾರದು. ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳಿಗೆ) ಹಳದಿ 5500ರಿಂದ, ಕೆಂಪು 5800. ಆ ಹಳದಿಯಲ್ಲಿ ಐದು ನಿಮಿಷ ಮೀರುವಂತಿಲ್ಲ. ಅಲ್ಲಿ ಬಣ್ಣ ಸಾಕು, ಸದ್ದು ಬೇಡ. ಮೇಲೇರುವ ಹೊತ್ತಿನಲ್ಲಿ ಸುಮ್ಮನೆ ಕೂಗುವ ಅಲಾರ್ಮ್ ಪೈಲಟ್‌ನ ಗಮನವನ್ನು ರನ್‌ವೇಯಿಂದ ಕಸಿದುಕೊಳ್ಳುತ್ತದೆ.

ಹೆಚ್ಚು ಯೋಚಿಸಬೇಕಾದದ್ದು ಆಯಿಲ್ ಒತ್ತಡದ ಕೆಳಮಿತಿ. 3500 ಆರ್‌ಪಿಎಂ ಮೇಲೆ 2ರಿಂದ 5 ಬಾರ್ ಇರಬೇಕು. 3500ಕ್ಕಿಂತ ಕೆಳಗೆ 0.8 ಇದ್ದರೂ ಸಾಕು. ಕೆಂಪನ್ನು 2ಕ್ಕೆ ಇಟ್ಟರೆ, ಬಿಸಿಯಾದ ಎಂಜಿನ್ನಿನ ಶಕ್ತಿ ಇಳಿಸಿ ನೆಲಕ್ಕೆ ಬರುವಾಗ ಅಲಾರ್ಮ್ ಕೂಗೀತು. ಕೆಂಪು 0.8ಕ್ಕೆ, ಹಳದಿ 2ಕ್ಕೆ ಇಡಿ. ಹಾರಾಟದ ನಡುವೆ ಆ ಹಳದಿ ಕಂಡರೆ ಅದನ್ನೇ ಕೆಂಪೆಂದು ತಿಳಿದು ಇಳಿಯಿರಿ. ಚಳಿಯಲ್ಲಿ ಚಾಲೂ ಮಾಡಿದಾಗ ಸ್ವಲ್ಪ ಹೊತ್ತು 7 ಬಾರ್‌ವರೆಗೆ ಹೋಗಬಹುದು, ಗಾಬರಿ ಬೇಡ.

ಕಾರವಾರದಲ್ಲಿ ನೌಕಾನೆಲೆ ಇದೆ. ಕರಾವಳಿಯತ್ತ ಹಾರುವ ಆಸೆಯಿದ್ದರೆ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಅನುಮತಿಯ ಜೊತೆ ಅದನ್ನೂ ಮೊದಲೇ ವಿಚಾರಿಸಿಕೊಳ್ಳಿ. ಮೊದಲ ಹಾರಾಟವಾದ ಮೇಲೆ ಮಾನಿಟರ್ ದಾಖಲಿಸಿದ ಅಂಕಿಗಳನ್ನು ನೋಡಿ ಹಳದಿ ಗೆರೆಗಳನ್ನು ನಿಮ್ಮ ಎಂಜಿನ್ನಿನ ಮಾಮೂಲಿ ಅಂಕಿಗಳಿಗೆ ಇನ್ನಷ್ಟು ಹತ್ತಿರಕ್ಕೆ ತರಬಹುದು. ಕೆಂಪು ಗೆರೆ ಮಾತ್ರ ಕೈಪಿಡಿ ಹೇಳಿದಲ್ಲೇ ಇರಲಿ.