ಸಪ್ರೆಸರ್: ಕೊಳ್ಳುವ ಮುನ್ನ ಕಾನೂನು, ತೊಳೆಯುವ ಮುನ್ನ ಸೀಸ

ಪ್ರಶ್ನೆ: ಎಚ್‌-1ಬಿ ವೀಸಾದಲ್ಲಿ ಟೆಕ್ಸಸ್‌ನ ಡಲ್ಲಾಸ್ ಬಳಿ ಇದ್ದೇನೆ. ಸಹೋದ್ಯೋಗಿಯ ಪರಿಚಯದವರ ಜಮೀನಿನಲ್ಲಿ ಕಾಡುಹಂದಿ ಬೇಟೆಗೆ ಹೋಗುತ್ತೇವೆ. ಸ್ವಂತಕ್ಕೆ ರೈಫಲ್ ಮತ್ತು ಸಪ್ರೆಸರ್ (ನಳಿಗೆಯ ತುದಿಗೆ ಹಾಕುವ, ಸದ್ದು ತಗ್ಗಿಸುವ ಸಾಧನ) ಕೊಳ್ಳುವ ಯೋಚನೆಯಿದೆ. 200 ಡಾಲರ್ ತೆರಿಗೆ ಹೋಗಿರುವುದರಿಂದ ಸಪ್ರೆಸರನ್ನು ಅಂಗಡಿಯಿಂದ ನೇರವಾಗಿ ತರಬಹುದು ಎನ್ನುತ್ತಾರೆ. ನಿಜವೇ?

ಉತ್ತರ: ತೆರಿಗೆ ಹೋಗಿರುವುದು ನಿಜ. ನೇರವಾಗಿ ತರಬಹುದು ಎಂಬುದು ಸುಳ್ಳು. 1934ರ ರಾಷ್ಟ್ರೀಯ ಬಂದೂಕು ಕಾಯ್ದೆ ವಿಧಿಸಿದ್ದ ತೆರಿಗೆ 2026ರ ಜನವರಿ 1ರಿಂದ ಸಪ್ರೆಸರ್‌ಗಳ ಮಟ್ಟಿಗೆ ಸೊನ್ನೆಯಾಗಿದೆಯೇ ಹೊರತು ನೋಂದಣಿಯ ನಿಯಮ ಕದಲಿಲ್ಲ. ಇಂದಿಗೂ ಪರವಾನಗಿ ಪಡೆದ ವ್ಯಾಪಾರಿಯ ಮೂಲಕ ಬಂದೂಕುಗಳನ್ನು ನಿಯಂತ್ರಿಸುವ ಒಕ್ಕೂಟ ಸಂಸ್ಥೆಯಾದ ಎಟಿಎಫ್‌ಗೆ ಫಾರ್ಮ್ 4 ಎಂಬ ವರ್ಗಾವಣೆ ಅರ್ಜಿ ಸಲ್ಲಿಸಬೇಕು, ಬೆರಳಚ್ಚು ಮತ್ತು ಭಾವಚಿತ್ರ ಕೊಡಬೇಕು, ಸ್ಥಳೀಯ ಪೊಲೀಸ್ ಮುಖ್ಯಸ್ಥರಿಗೆ ಒಂದು ಪ್ರತಿ ಕಳುಹಿಸಬೇಕು. ವ್ಯಾಪಾರಿಯಿಂದ ಕೊಳ್ಳುವವರಿಗೆ 21 ವರ್ಷ ತುಂಬಿರಬೇಕು. ಅನುಮೋದನೆ ಬರುವ ತನಕ ವಸ್ತು ಅಂಗಡಿಯಲ್ಲೇ ಇರುತ್ತದೆ.

ಆದರೆ ನಿಮ್ಮ ವಿಷಯದಲ್ಲಿ ತೆರಿಗೆಗಿಂತ ದೊಡ್ಡ ಪ್ರಶ್ನೆ ವೀಸಾದ್ದು. ಅಮೆರಿಕದ ಒಕ್ಕೂಟ ಕಾನೂನಿನಂತೆ ಎಚ್‌-1ಬಿ, ಎಚ್‌-4, ಎಫ್‌-1ರಂತಹ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವಂತಿಲ್ಲ, ಮತ್ತು ಆ ಕಾನೂನಿನ ದೃಷ್ಟಿಯಲ್ಲಿ ಸಪ್ರೆಸರ್ ಕೂಡ ಬಂದೂಕೇ. ಈ ನಿಷೇಧಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ನಮ್ಮವರಿಗೆ ಸಾಮಾನ್ಯವಾಗಿ ಅನ್ವಯಿಸುವುದು ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇರುವುದು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧವಿಲ್ಲ.

ಟೆಕ್ಸಸ್‌ನಲ್ಲಿ ಇದರ ತೊಡಕು ಬಲು ಸೂಕ್ಷ್ಮವಾದದ್ದು, ಆದ್ದರಿಂದ ದಯವಿಟ್ಟು ಇದನ್ನು ಎರಡು ಸಲ ಓದಿ. ಜಮೀನಿನ ಮಾಲೀಕರ ಒಪ್ಪಿಗೆಯಿದ್ದರೆ ಖಾಸಗಿ ಭೂಮಿಯಲ್ಲಿ ಕಾಡುಹಂದಿ ಬೇಟೆಯಾಡಲು 2019ರ ಸೆಪ್ಟೆಂಬರ್‌ನಿಂದ ಅಲ್ಲಿ ಬೇಟೆ ಪರವಾನಗಿಯೇ ಬೇಕಿಲ್ಲ. ಹಾಗಾಗಿ ಪರವಾನಗಿ ಮಾಡಿಸದೆಯೇ ಬೇಟೆಗೆ ಹೋಗುವವರು ಅನೇಕರಿದ್ದಾರೆ. ರಾಜ್ಯದ ಬೇಟೆ ಕಾನೂನಿನಂತೆ ಅದು ತಪ್ಪಲ್ಲ. ಆದರೆ ತಾತ್ಕಾಲಿಕ ವೀಸಾದವರ ಬಳಿ ಆ ಪರವಾನಗಿ ಇಲ್ಲದಿದ್ದರೆ ಒಕ್ಕೂಟ ಕಾನೂನಿನ ವಿನಾಯಿತಿಯೂ ಇಲ್ಲವಾಗುತ್ತದೆ, ಸ್ನೇಹಿತರ ರೈಫಲನ್ನು ಕೈಯಲ್ಲಿ ಹಿಡಿದರೂ ಅಪರಾಧವಾಗಬಹುದು. ಮುಂದಿನ ಬೇಟೆಗೆ ಹೋಗುವ ಮೊದಲೇ ಪರವಾನಗಿ ಮಾಡಿಸಿಕೊಳ್ಳಿ. ಟೆಕ್ಸಸ್‌ನ ವಾರ್ಷಿಕ ಬೇಟೆ ಪರವಾನಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ನವೀಕರಿಸಲು ಮರೆತರೆ ಸೆಪ್ಟೆಂಬರ್ 1ರಂದು ನಿಮ್ಮ ಮನೆಯ ಕಪಾಟಿನಲ್ಲಿರುವ ವಸ್ತುಗಳೇ ಅಕ್ರಮವಾಗುತ್ತವೆ. ಬಂದೂಕಿನ ಅಪರಾಧವು ಗಡೀಪಾರಿಗೂ ಕಾರಣವಾಗುವುದರಿಂದ, ಕೊಳ್ಳುವ ಮುನ್ನ ವಲಸೆ ವಕೀಲರೊಬ್ಬರ ಸಲಹೆಗೆ ಖರ್ಚು ಮಾಡುವುದು ಅತ್ಯಗತ್ಯ ಎಂದೇ ನನ್ನ ಅಭಿಪ್ರಾಯ.

ಕೆಲಸ ಬದಲಾದರೆ ಎಲ್ಲಿಗೆ ಹೋಗುತ್ತೀರಿ ಎಂಬುದನ್ನೂ ಯೋಚಿಸಿ. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳೂ ಸೇರಿದಂತೆ ಎಂಟು ರಾಜ್ಯಗಳಲ್ಲಿ ಸಾಮಾನ್ಯ ನಾಗರಿಕರು ಸಪ್ರೆಸರ್ ಇಟ್ಟುಕೊಳ್ಳುವಂತಿಲ್ಲ. ನ್ಯೂಯಾರ್ಕ್, ಮ್ಯಾಸಚೂಸೆಟ್ಸ್, ಇಲಿನಾಯ್, ರೋಡ್ ಐಲೆಂಡ್, ಡೆಲವೇರ್, ಹವಾಯಿ ಉಳಿದವು.

ಪ್ರಶ್ನೆ: ಸಪ್ರೆಸರ್ ಹಾಕಿದರೆ ಕಿವಿಗೆ ರಕ್ಷಣೆ ಬೇಡವೇ?

ಉತ್ತರ: ಬೇಕು. ಸಾಮಾನ್ಯ ರೈಫಲಿನ ಸದ್ದು 160 ಡೆಸಿಬೆಲ್‌ನ ಆಸುಪಾಸಿನಲ್ಲಿರುತ್ತದೆ. ಒಳ್ಳೆಯ ಸಪ್ರೆಸರ್ ಅದರಲ್ಲಿ ಸುಮಾರು 20ರಿಂದ 35 ಡೆಸಿಬೆಲ್ ಇಳಿಸುತ್ತದೆ. ಕ್ಷಣಿಕ ಸದ್ದು ಕಿವಿಗೆ ಹಾನಿ ಮಾಡುವ ಮಟ್ಟವೆಂದು ಹಿಡಿಯುವ 140ರ ಕೆಳಗೆ ಬಂದರೂ ಅದು ಮೌನವಲ್ಲ. ಶಬ್ದಕ್ಕಿಂತ ವೇಗವಾಗಿ ಸಾಗುವ ಗುಂಡು ಗಾಳಿಯಲ್ಲಿ ಎಬ್ಬಿಸುವ ಸಿಡಿತವನ್ನು ಯಾವ ಸಪ್ರೆಸರೂ ತಡೆಯಲಾರದು. 1909ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಹಿರಾಮ್ ಪರ್ಸಿ ಮ್ಯಾಕ್ಸಿಮ್ ಮೋಟಾರು ವಾಹನದ ಸದ್ದಡಗಿಸುವ ಕೆಲಸದಲ್ಲೂ ತೊಡಗಿದ್ದವರು, ಎರಡೂ ಕಡೆ ತತ್ವ ಒಂದೇ: ಬಿಸಿ ಅನಿಲಕ್ಕೆ ಹಿಗ್ಗಿ ತಣಿಯಲು ಜಾಗ ಕೊಡುವುದು. ನಿಮ್ಮ ಕಿವಿಯಷ್ಟೇ ಅಲ್ಲ, ಪಕ್ಕದಲ್ಲಿ ನಿಂತವರ ಮತ್ತು ಬೇಟೆನಾಯಿಯ ಕಿವಿಯೂ ಉಳಿಯುತ್ತದೆ ಎಂಬುದು ಇದರ ನಿಜವಾದ ಉಪಕಾರ.

ಪ್ರಶ್ನೆ: ನಾರ್ತ್ ಕೆರೊಲಿನಾದಲ್ಲಿ .22 ರೈಫಲಿನ ನೋಂದಾಯಿತ ಸಪ್ರೆಸರ್ ಹೊಂದಿದ್ದೇನೆ. ಅಂತರ್ಜಾಲದಲ್ಲಿ ಹೇಳಿದಂತೆ ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ನೆನೆಸಿದರೆ ಸುಲಭವಾಗಿ ಶುಚಿಯಾಗುತ್ತದೆಯೇ? ಮನೆಯಲ್ಲಿ ಎರಡು ವರ್ಷದ ಮಗುವಿದೆ.

ಉತ್ತರ: ಶುಚಿಯೇನೋ ಆಗುತ್ತದೆ, ಆದರೆ ಆ ವಿಧಾನವನ್ನು ಖಂಡಿತ ಅನುಸರಿಸಬೇಡಿ. ಆ ಮಿಶ್ರಣ ಗುಂಡಿನಿಂದ ಒಳಗೆ ಅಂಟಿಕೊಂಡ ಸೀಸವನ್ನು ಕರಗಿಸಿ ಸೀಸದ ಅಸಿಟೇಟ್ ಆಗಿಸುತ್ತದೆ. ಗಟ್ಟಿಯಾಗಿ ಅಂಟಿಕೊಂಡಿದ್ದ ಸೀಸ ನೀರಿನಲ್ಲಿ ಕರಗುವ, ಚರ್ಮದ ಮೂಲಕವೂ ದೇಹ ಸೇರಬಲ್ಲ ವಿಷವಾಗಿ ಮಾರ್ಪಡುತ್ತದೆ. ಅದನ್ನು ಸಿಂಕಿಗೆ ಸುರಿಯುವಂತಿಲ್ಲ, ಮನೆಯಲ್ಲಿ ಇಡುವಂತೆಯೂ ಇಲ್ಲ. ಅಲ್ಯೂಮಿನಿಯಂ ಭಾಗಗಳಿದ್ದರೆ ಅವೂ ಹಾಳಾಗುತ್ತವೆ. ಮಕ್ಕಳ ರಕ್ತದಲ್ಲಿ ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ. ಡೆಸಿಲೀಟರಿಗೆ 3.5 ಮೈಕ್ರೊಗ್ರಾಂ ಕಂಡರೂ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಅದನ್ನು ಗಮನಿಸಬೇಕಾದ ಮಟ್ಟವೆಂದು ಪರಿಗಣಿಸುತ್ತದೆ.

.22ಕ್ಕೆ ಶುಚಿಗೊಳಿಸುವಿಕೆ ಇಷ್ಟು ಮುಖ್ಯವಾಗುವುದಕ್ಕೆ ಕಾರಣ ಅದರ ಗುಂಡು. ಅದು ಬಹುಪಾಲು ಬರಿಯ ಸೀಸ, ಹೆಚ್ಚೆಂದರೆ ಮೇಲೊಂದು ತೆಳು ಲೇಪ. ಕೆಲವು ನೂರು ಗುಂಡುಗಳಾದ ಮೇಲೆ ಬಿಚ್ಚಿ ನೋಡಿದರೆ ಒಳಗೆ ಅನಿಲವನ್ನು ತಡೆದು ನಿಧಾನಿಸುವ ಬಿಲ್ಲೆಗಳ (ಬ್ಯಾಫಲ್) ಮೇಲೆ, ಅದರಲ್ಲೂ ನಳಿಗೆಗೆ ಹತ್ತಿರವಿರುವ ಮೊದಲ ಎರಡು ಬಿಲ್ಲೆಗಳ ಮೇಲೆ, ಬೂದು ಬಣ್ಣದ ಹೊರಪದರ ಉಗುರಿನಿಂದ ಕೆರೆದರೂ ಬಾರದಷ್ಟು ಗಟ್ಟಿಯಾಗಿ ಕುಳಿತಿರುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಬಿಲ್ಲೆಗಳು ಹೊರಕೊಳವೆಗೆ ಕಚ್ಚಿಕೊಂಡು ಹೊರಗೇ ಬರುವುದಿಲ್ಲ. ದೊಡ್ಡ ರೈಫಲುಗಳ ಗುಂಡಿಗೆ ತಾಮ್ರದ ಕವಚವಿರುತ್ತದೆ, ಅನಿಲದ ಒತ್ತಡ ಮತ್ತು ಬಿಸಿಯೂ ಬಹಳ ಹೆಚ್ಚು. ಹೀಗಾಗಿ ಅವುಗಳ ಸಪ್ರೆಸರ್ ಬಹುಮಟ್ಟಿಗೆ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ, ಬಿಚ್ಚಲಾಗದಂತೆ ಬೆಸೆದಿರುವುದೂ ಸಾಮಾನ್ಯ. ಅವುಗಳಲ್ಲಿ ತಿರುಪಿನ ಎಳೆ ಒರೆಸಿಟ್ಟರೆ ಸಾಕು.

ನಿಮ್ಮದನ್ನು ಶುಚಿಗೊಳಿಸಲು ಮೊದಲು ರೈಫಲ್ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು ಸಪ್ರೆಸರನ್ನು ಬೇರ್ಪಡಿಸಿ. ಮನೆಯ ಹೊರಗೆ ಅಥವಾ ಗಾಳಿಯಾಡುವ ಗ್ಯಾರೇಜಿನಲ್ಲಿ, ನೈಟ್ರೈಲ್ ಕೈಗವಸು ಹಾಕಿಕೊಂಡು ಕೆಲಸ ಮಾಡಿ. ಬಿಲ್ಲೆಗಳನ್ನು ತೆಗೆಯುವಾಗ ಯಾವುದರ ನಂತರ ಯಾವುದು, ಯಾವ ಕಡೆಗೆ ಮುಖ ಎಂಬುದರ ಚಿತ್ರ ತೆಗೆದಿಟ್ಟುಕೊಳ್ಳಿ. ತಯಾರಕರು ಆ ಲೋಹಕ್ಕೆ ಒಪ್ಪುತ್ತದೆಂದು ಹೇಳಿದ ದ್ರಾವಣದಲ್ಲೇ ನೆನೆಸಿ, ಒದ್ದೆಯಿರುವಾಗಲೇ ಬ್ರಷ್‌ನಿಂದ ಉಜ್ಜಿ. ಒಣಗಿದ್ದನ್ನು ಕೆರೆದರೆ ಸೀಸದ ಧೂಳು ಉಸಿರಿಗೆ ಬರುತ್ತದೆ. ಉಕ್ಕು, ಟೈಟಾನಿಯಂ ಬಿಲ್ಲೆಗಳು ಗಡಸು ಬ್ರಷ್ ತಾಳುತ್ತವೆ, ಅಲ್ಯೂಮಿನಿಯಂ ತಾಳದು. ಉಳಿದ ದ್ರಾವಣ, ಚಿಂದಿ ಬಟ್ಟೆ, ಕೈಗವಸು ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ನಿಮ್ಮ ಕೌಂಟಿಯ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಕೊಡಿ. ಅಡುಗೆಮನೆಯ ಪಾತ್ರೆ, ಪಾತ್ರೆ ತೊಳೆಯುವ ಯಂತ್ರ ಇವುಗಳ ಹತ್ತಿರಕ್ಕೂ ಇದು ಸುಳಿಯಬಾರದು. ಮಗುವನ್ನು ಎತ್ತಿಕೊಳ್ಳುವ ಮೊದಲು ಬಟ್ಟೆ ಬದಲಿಸಿ, ಸೋಪು ಮತ್ತು ತಣ್ಣೀರಿನಿಂದ ಕೈ ತೊಳೆಯಿರಿ.

ಮತ್ತೆ ಜೋಡಿಸಿದ ಮೇಲೆ ಸಪ್ರೆಸರ್ ನಳಿಗೆಯ ನೇರಕ್ಕೆ ಕೂತಿದೆಯೇ ಎಂದು ಖಾಲಿ ಬಂದೂಕಿನಲ್ಲಿ ಅಳತೆಯ ಸರಳಿನಿಂದ ಪರೀಕ್ಷಿಸಿ. ಒಂದು ಬಿಲ್ಲೆ ವಾಲಿದ್ದರೂ ಗುಂಡು ಅದಕ್ಕೆ ತಗಲುತ್ತದೆ. ಬಿಲ್ಲೆ ಹಾಳಾಗಿದ್ದರೆ ಬಿಡಿಭಾಗ ತರಿಸಲು ಹೋಗಬೇಡಿ, ಬಿಡಿ ಬಿಲ್ಲೆಯೂ ಕಾನೂನಿನ ಲೆಕ್ಕದಲ್ಲಿ ನೋಂದಾಯಿಸದ ಇನ್ನೊಂದು ಸಪ್ರೆಸರೇ. ಶುಚಿಗೊಳಿಸುವ ಸಲಕರಣೆಯ ಹೆಸರಿನಲ್ಲಿ ಅಗ್ಗಕ್ಕೆ ಮಾರುವ ಬಿಲ್ಲೆಗಳ ಕಿಟ್‌ಗಳನ್ನೂ ಕೊಳ್ಳಬೇಡಿ. ನೋಂದಾಯಿಸದೆ ಇಟ್ಟುಕೊಂಡರೆ 10 ವರ್ಷದವರೆಗೆ ಸೆರೆವಾಸವಿದೆ. ದುರಸ್ತಿ ತಯಾರಕರ ಕೆಲಸ.

ಪ್ರಶ್ನೆ: ನಮ್ಮದು ಕೊಡಗು. ಮನೆಯಲ್ಲಿ ಕೋವಿಯಿದೆ. ಅಮೆರಿಕದಲ್ಲಿರುವ ಮಗ ರಜೆಗೆ ಬರುವಾಗ ಸಪ್ರೆಸರ್ ತರಬಹುದೇ?

ಉತ್ತರ: ಬೇಡ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಸದ್ದು ಅಥವಾ ಬೆಂಕಿಯ ಹೊಳಪು ತಗ್ಗಿಸುವ ಸಾಧನವನ್ನು ಬಂದೂಕಿನ ವ್ಯಾಖ್ಯೆಯಲ್ಲೇ ಸೇರಿಸಿದೆ, ಪರವಾನಗಿಯಿಲ್ಲದೆ ಅದನ್ನು ಆಮದು ಮಾಡುವುದು ಅಪರಾಧ. ಅಮೆರಿಕದಿಂದ ಹೊರಗೆ ಒಯ್ಯುವುದಕ್ಕೂ ಅಲ್ಲಿನ ಒಕ್ಕೂಟ ಸರ್ಕಾರದ ರಫ್ತು ಪರವಾನಗಿ ಬೇಕು. ಮಗ ಅದನ್ನು ಸಾಮಾನಿನಲ್ಲಿಟ್ಟುಕೊಂಡು ಹೊರಟರೆ ಎರಡೂ ದೇಶಗಳ ಕಾನೂನು ಮುರಿದಂತಾಗುತ್ತದೆ. ಕೈಲ್‌ಪೊಳ್ದ್‌ ಹಬ್ಬದ ತೆಂಗಿನಕಾಯಿ ಗುರಿಯ ಸ್ಪರ್ಧೆಯಲ್ಲಿ ಕಿವಿಯ ರಕ್ಷಣೆಯೇ ನಿಮ್ಮ ಉದ್ದೇಶವಾಗಿದ್ದರೆ, ಮಗನಿಗೆ ಒಳ್ಳೆಯ ಇಯರ್‌ಮಫ್ ತರಲು ಹೇಳಿ. ಅದಕ್ಕೆ ಯಾವ ಪರವಾನಗಿಯೂ ಬೇಕಿಲ್ಲ.