ಜ್ಯೂರಿ ಡ್ಯೂಟಿ ದಿನ ಮಧ್ಯಾಹ್ನದ ಊಟ: ಓದುಗರ ಪ್ರಶ್ನೆಗೆ ಉತ್ತರ

ಲಾಸ್ ಏಂಜಲೀಸ್ ಡೌನ್‌ಟೌನ್‌ನ ಒಂದು ಕಚೇರಿಯಲ್ಲಿ ನಾನು 22 ವರ್ಷ ಕೆಲಸ ಮಾಡಿದ್ದೇನೆ. ಮೂರು ಸಲ ಜ್ಯೂರಿಯಲ್ಲಿ, ಅಂದರೆ ಕೇಸು ಕೇಳಿ ತೀರ್ಪು ಕೊಡಲು ಕೋರ್ಟು ಕರೆಸುವ ಸಾಮಾನ್ಯ ಜನರ ಗುಂಪಿನಲ್ಲಿ, ಕೂತಿದ್ದೇನೆ. ಹಾಗಾಗಿ ಈ ಕಡೆಯ ಕನ್ನಡಿಗರಲ್ಲಿ ಯಾರಿಗೆ ಸಮನ್ಸ್ ಬಂದರೂ ನನಗೊಂದು ಪತ್ರ ಬರುತ್ತದೆ. ಅವೇ ನಾಲ್ಕೈದು ಪ್ರಶ್ನೆಗಳು. ಉತ್ತರ ಕೊಟ್ಟ ತಿಂಗಳಿಗೇ ಮತ್ತೆ ಅದನ್ನೇ ಕೇಳುತ್ತಾರೆ. ಬೇಜಾರಾಗುತ್ತದೆ. ಈ ಸಲ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ, ದಯವಿಟ್ಟು ತೆಗೆದಿಟ್ಟುಕೊಳ್ಳಿ. ಯಾವ ಕೋರ್ಟು, ಎಷ್ಟು ಹೊತ್ತಿಗೆ, ಕಾರು ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ಸಮನ್ಸ್ ಕಾಗದದಲ್ಲೇ ಇರುತ್ತದೆ. ಅದನ್ನು ನನ್ನ ಹತ್ತಿರ ಕೇಳಬೇಡಿ.

ಪ್ರಶ್ನೆ: ನಾನು ಸೆರಿಟೋಸ್‌ನಲ್ಲಿರುವ ಗೃಹಿಣಿ, 58 ವರ್ಷ. ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಡೌನ್‌ಟೌನ್‌ನ ಕ್ರಿಮಿನಲ್ ಕೋರ್ಟಿಗೆ ಜ್ಯೂರಿ ಡ್ಯೂಟಿ ಬಂದಿದೆ. ದಿನಕ್ಕೆ 15 ಡಾಲರ್ ಕೊಡುತ್ತಾರಂತೆ. ಅಷ್ಟರೊಳಗೆ ಹತ್ತಿರದಲ್ಲಿ ಊಟ ಎಲ್ಲಿ ಸಿಗುತ್ತದೆ?

ಆ 15 ಡಾಲರ್ ಎರಡನೇ ದಿನದಿಂದ. ಮೊದಲ ದಿನಕ್ಕೆ ಏನೂ ಇಲ್ಲ. ಎಷ್ಟೋ ಜನರ ಡ್ಯೂಟಿ ಮೊದಲ ದಿನಕ್ಕೇ ಮುಗಿದುಹೋಗುತ್ತದೆ. ಅಂದರೆ ಆ ದಿನದ ಊಟ ನಿಮ್ಮದೇ ಖರ್ಚು. ಇನ್ನು, ಅಂಗಡಿಯ ಬೋರ್ಡಿನಲ್ಲಿ 12 ಡಾಲರ್ ಎಂದಿದ್ದರೆ ಅದು 12 ಅಲ್ಲ. ಮೇಲೆ ಶೇ 10ರ ಹತ್ತಿರ ತೆರಿಗೆ, ಜೊತೆಗೆ ಎರಡು ಡಾಲರ್ ಟಿಪ್. ಅಲ್ಲಿಗೆ 15 ದಾಟಿತು. ಈ ಲೆಕ್ಕ ಮೊದಲೇ ಮಾಡಿಕೊಂಡು ಹೋಗಿ.

ಆದರೆ ದುಡ್ಡಿಗಿಂತ ಜಾಸ್ತಿ ಕಾಡುವುದು ಹೊತ್ತು. ಊಟದ ಬಿಡುವು ಸಾಮಾನ್ಯವಾಗಿ 12ರಿಂದ 1:30. ಒಂದೂವರೆ ಗಂಟೆ ಬೇಕಾದಷ್ಟಾಯಿತು ಅನ್ನಿಸುತ್ತದೆ, ಅಲ್ವಾ? ಕ್ರಿಮಿನಲ್ ಕೋರ್ಟ್ ಇರುವ ಕ್ಲಾರಾ ಶಾರ್ಟ್ರಿಜ್ ಫೋಲ್ಟ್ಜ್ ಕಟ್ಟಡಕ್ಕೆ 19 ಅಂತಸ್ತು. ಎಲ್ಲ ಕೋರ್ಟ್‌ಗಳೂ ಹೆಚ್ಚುಕಮ್ಮಿ ಒಟ್ಟಿಗೇ ಬಿಡುತ್ತವೆ. ಲಿಫ್ಟ್‌ಗೆ ಕಾಯುವುದು 10 ನಿಮಿಷ, ನಡೆಯುವುದು 12, ಅಂಗಡಿ ಸಾಲಿನಲ್ಲಿ 15, ವಾಪಸ್ ನಡಿಗೆ 12, ಬಾಗಿಲಲ್ಲಿ ಮತ್ತೆ ಬ್ಯಾಗ್ ತಪಾಸಣೆ, ಮತ್ತೆ ಲಿಫ್ಟ್. ಕೂತು ತಿನ್ನಲು ಉಳಿಯುವುದು ಇಪ್ಪತ್ತು ನಿಮಿಷ. 1:10ಕ್ಕೆ ಬಾಗಿಲಲ್ಲಿ ಇರಬೇಕು ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನೀವೊಬ್ಬರು ತಡ ಮಾಡಿದರೆ ಇಡೀ ಕೋರ್ಟು ನಿಮಗೋಸ್ಕರ ಸುಮ್ನೆ ಕೂತಿರುತ್ತದೆ.

ಹಾಗಂತ ಊಟ ಬಿಡಬೇಡಿ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ನನ್ನ ಮೊದಲ ಜ್ಯೂರಿಯ ಮೂರನೇ ದಿನ ಎಲ್ಲ ಕಡೆ ಸಾಲು ಉದ್ದ ಇತ್ತು. ಒಂದು ಕಾಫಿ ಕುಡಿದು ವಾಪಸ್ ಹೋದೆ. ಮೂರು ಗಂಟೆ ಹೊತ್ತಿಗೆ ಒಬ್ಬ ಸಾಕ್ಷಿ ಮಾತಾಡುತ್ತಿದ್ದರು. ಅವರ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ತಲೆಗೆ ಇಳಿಯುತ್ತಿರಲಿಲ್ಲ. ಎದುರಿಗೆ ಆರೋಪಿ ಹುಡುಗ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸಿರಬೇಕು, ಅಂಗಿಯ ಕಾಲರ್ ಅವನ ಕುತ್ತಿಗೆಗೆ ಸಡಿಲವಾಗಿತ್ತು. ಆಮೇಲೆ ಜ್ಯೂರಿ ಕೋಣೆಯಲ್ಲಿ ಆ ಸಾಕ್ಷಿಯ ಮಾತು ನನಗೆ ನೆನಪೇ ಇರಲಿಲ್ಲ. ಅದನ್ನು ಮತ್ತೊಮ್ಮೆ ಓದಿಸಿ ಎಂದು ನ್ಯಾಯಾಧೀಶರಿಗೆ ಚೀಟಿ ಕಳಿಸಿದೆವು. ಅವತ್ತು ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ಒಬ್ಬರ ಮಗನ ಬದುಕು ಹನ್ನೆರಡು ಜನರ ಕೈಯಲ್ಲಿರುವಾಗ ನನ್ನ ಹೊಟ್ಟೆ ನಾನು ನೋಡಿಕೊಳ್ಳಬೇಕಿತ್ತು.

ಅದಕ್ಕೇ ನನ್ನ ಮೊದಲ ಸಲಹೆ ಬುತ್ತಿ. ಮನೆಯಿಂದ ಡಬ್ಬಿ ತಂದರೆ ನಗುತ್ತಾರೆ ಎಂದು ನಮ್ಮ ಹೆಂಗಸರು ಹಿಂಜರಿಯುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಯಾರೂ ನಗುವುದಿಲ್ಲ, ಅರ್ಧ ಜನ ತಾವೂ ತಂದಿರುತ್ತಾರೆ. ಚಪಾತಿ ಮತ್ತು ಒಣ ಪಲ್ಯ ಒಳ್ಳೆಯದು. ಪುಳಿಯೋಗರೆ ಇನ್ನೂ ಒಳ್ಳೆಯದು. ಮೊಸರನ್ನವೇ ಬೇಕೆಂದರೆ ಹಾಲು ಜಾಸ್ತಿ ಹಾಕಿ, ಮೊಸರು ಒಂದೇ ಚಮಚ. ಆದರೂ ಐಸ್ ಪ್ಯಾಕ್ ಇಲ್ಲದೆ ಒಯ್ಯಬೇಡಿ, ಬೆಳಿಗ್ಗೆ ಏಳಕ್ಕೆ ಕಲಸಿದ್ದನ್ನು ತಿನ್ನುವುದು ಹನ್ನೆರಡಕ್ಕೆ. ಹಣ್ಣನ್ನು ಮನೆಯಲ್ಲೇ ಹೆಚ್ಚಿಕೊಳ್ಳಿ. ಚಾಕು ಬಾಗಿಲಲ್ಲೇ ನಿಂತುಹೋಗುತ್ತದೆ.

ಕೂತು ತಿನ್ನಲು ಕೋರ್ಟಿನ ಮಗ್ಗುಲಲ್ಲೇ ಗ್ರ್ಯಾಂಡ್ ಪಾರ್ಕ್ ಇದೆ. 2012ರಲ್ಲಿ ತೆರೆದದ್ದು, 2023ರಿಂದ ಅದಕ್ಕೆ ಇಲ್ಲಿನ ಕೌಂಟಿಯ ಜನಪ್ರತಿನಿಧಿಯಾಗಿದ್ದ ಗ್ಲೋರಿಯಾ ಮೊಲಿನಾ ಅವರ ಹೆಸರು ಸೇರಿದೆ. ಗಾಢ ಗುಲಾಬಿ ಬಣ್ಣದ ಕುರ್ಚಿ, ಮೇಜು ಹಾಕಿದ್ದಾರೆ, ಯಾರು ಬೇಕಾದರೂ ಕೂರಬಹುದು. ಸಿಟಿ ಹಾಲ್‌ನ ಬಿಳಿ ಗೋಪುರ ಎದುರಿಗೇ ಕಾಣುತ್ತದೆ. ಮರದ ನೆರಳು ಹುಡುಕಿ ಕೂರಿ. ನಾನು ವರ್ಷಗಟ್ಟಲೆ ಅಲ್ಲಿ ಡಬ್ಬಿ ಬಿಚ್ಚಿದ್ದೇನೆ.

ಡಬ್ಬಿ ತರಲು ಆಗದ ದಿನ ಬ್ರಾಡ್‌ವೇ ಹಿಡಿದು ದಕ್ಷಿಣಕ್ಕೆ ನಡೆಯಿರಿ. ಮೂರನೇ ಬೀದಿ ದಾಟಿದ ಕೂಡಲೇ ಗ್ರ್ಯಾಂಡ್ ಸೆಂಟ್ರಲ್ ಮಾರ್ಕೆಟ್. 1917ರಿಂದ ಇದೆ. ಈಗ ಅಲ್ಲಿ ದುಬಾರಿ ಅಂಗಡಿಗಳು ತುಂಬಿಕೊಂಡಿವೆ, ಉದ್ದ ಸಾಲು ಕಂಡರೆ ಅದರಲ್ಲಿ ನಿಲ್ಲಬೇಡಿ. ಪುಪೂಸಾ ಮಾಡುವ ಅಂಗಡಿ ಹುಡುಕಿ. ಇದು ಎಲ್ ಸಾಲ್ವಡಾರ್ ದೇಶದ ತಿಂಡಿ, ಆದರೆ ಮಾಡುವುದನ್ನು ನೋಡಿದರೆ ನಿಮಗೆ ನಿಮ್ಮ ಅಜ್ಜಿ ನೆನಪಾಗುತ್ತಾರೆ. ಮೆಕ್ಕೆಜೋಳದ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿಂದ ಗುಂಡಿ ಮಾಡುತ್ತಾರೆ. ಒಳಗೆ ಚೀಸ್ ತುಂಬಿ, ಹೋಳಿಗೆಗೆ ಕಣಕ ಮುಚ್ಚುವ ಹಾಗೆ ಬಾಯಿ ಮುಚ್ಚುತ್ತಾರೆ. ಆಮೇಲೆ ಎರಡು ಕೈಯಲ್ಲಿ ಪಟಪಟ ತಟ್ಟಿ ಹೆಂಚಿನ ಮೇಲೆ ಬಿಡುತ್ತಾರೆ. ಅಂಚಿನಲ್ಲಿ ಚೀಸ್ ಸ್ವಲ್ಪ ಹೊರಗೆ ಬಂದು ಕಂದು ಬಣ್ಣಕ್ಕೆ ಗರಿಗರಿ ಆಗಿರುತ್ತದೆ, ಅದೇ ರುಚಿ. ಪಕ್ಕಕ್ಕೆ ಹುಳಿ ಎಲೆಕೋಸು ಕೊಡುತ್ತಾರೆ. ಎರಡು ತಿಂದರೆ ಸಂಜೆವರೆಗೆ ಹಸಿವಾಗುವುದಿಲ್ಲ. 'ಕೇಸೊ ಕೊನ್ ಲೊರೊಕೊ' ಎಂದು ಕೇಳಿ. ಕೇಸೊ ಅಂದರೆ ಚೀಸ್, ಲೊರೊಕೊ ಅಂದರೆ ಒಂದು ಬಳ್ಳಿಯ ಹೂವಿನ ಮೊಗ್ಗು. 'ರೆವುಎಲ್ತಾ' ಮಾತ್ರ ಬೇಡ, ಅದರಲ್ಲಿ ಹಂದಿ ಮಾಂಸ ಇರುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. 'ವೆಜಿಟೇರಿಯನ್ ಎಂದು ಹೇಳಿದರೆ ಸಾಕು' ಎಂದು ನಮ್ಮವರು ಒಬ್ಬರಿಗೊಬ್ಬರು ಹೇಳಿಕೊಂಡು ಓಡಾಡುತ್ತಾರೆ. ಸಾಕಾಗುವುದಿಲ್ಲ! ಮೆಕ್ಸಿಕನ್ ಅಂಗಡಿಯಲ್ಲಿ ಅರೆದ ಬೀನ್ಸ್‌ಗೆ ಎಷ್ಟೋ ಕಡೆ ಹಂದಿ ಕೊಬ್ಬು ಹಾಕುತ್ತಾರೆ. ಕೆಂಪು ಅನ್ನವನ್ನು ಕೋಳಿ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ಅವರ ಲೆಕ್ಕದಲ್ಲಿ ಮಾಂಸದ ತುಂಡು ಇಲ್ಲದಿದ್ದರೆ ಅದು ವೆಜಿಟೇರಿಯನ್. ಮೋಸ ಮಾಡುತ್ತಿಲ್ಲ, ಅವರ ಅಡುಗೆಯೇ ಹಾಗೆ. ಕೊಬ್ಬಿಗೆ 'ಮಾಂತೆಕಾ', ಕೋಳಿ ನೀರಿಗೆ 'ಕಾಲ್ದೊ ದೆ ಪೊಯೊ' ಅನ್ನುತ್ತಾರೆ. ಈ ಎರಡು ಹೆಸರು ಹೇಳಿ, ಇದೆಯಾ ಎಂದು ಕೇಳಿ. 'ಸಿನ್ ಕಾರ್ನೆ', ಅಂದರೆ ಮಾಂಸ ಬೇಡ, ಎಂದಷ್ಟೇ ಹೇಳಿದರೆ ಕೋಳಿ ಹಾಕಿ ಕೊಟ್ಟಾರು. ಪುಪೂಸಾ ಅಂಗಡಿಯಲ್ಲೂ ಹಿಟ್ಟಿನ ಬಗ್ಗೆ ಕೇಳಿಯೇ ತಗೊಳ್ಳಿ. ಚೈನಾಟೌನ್‌ನಲ್ಲಿ ಹಸಿರು ಸೊಪ್ಪಿನ ಪಲ್ಯ ನೋಡಿ ಖುಷಿಪಡಬೇಡಿ, ಚಿಪ್ಪುಮೀನಿನಿಂದ ಮಾಡುವ ಆಯ್ಸ್ಟರ್ ಸಾಸ್ ಇರುತ್ತದೆ. ಥಾಯ್ ಅಂಗಡಿಯಲ್ಲಿ ಫಿಶ್ ಸಾಸ್. ಜಪಾನೀಸ್ ನೂಡಲ್ಸ್ ಸಾರಿನಲ್ಲಿ ಒಣ ಮೀನು. 'ಡೌನ್‌ಟೌನ್‌ನ ಹತ್ತು ಅಗ್ಗದ ವೆಜ್ ಊಟ' ಎಂದು ಪಟ್ಟಿ ಹಾಕುವವರು ಇದೊಂದನ್ನೂ ಬರೆಯುವುದಿಲ್ಲ. ಅವರು ಆ ಅಂಗಡಿಗಳಿಗೆ ಹೋಗಿ ಒಂದು ಪ್ರಶ್ನೆಯನ್ನೂ ಕೇಳಿಲ್ಲ.

ಪೂರ್ವಕ್ಕೆ ಹತ್ತು ಹನ್ನೆರಡು ನಿಮಿಷ ನಡೆದರೆ ಲಿಟಲ್ ಟೋಕಿಯೊ. ಅಲ್ಲಿನ ದಿನಸಿ ಅಂಗಡಿಯಲ್ಲಿ ಅನ್ನದ ಉಂಡೆ ಸಿಗುತ್ತದೆ, ಹೋಟೆಲಿಗಿಂತ ತುಂಬ ಅಗ್ಗ. ಒಳಗೆ ಹುಳಿ ಪ್ಲಮ್ ಉಪ್ಪಿನಕಾಯಿ ಇರುವುದನ್ನು ಹುಡುಕಿ. ಲೇಬಲ್ ಓದಿ, ಬೊನೀಟೊ ಎಂದಿದ್ದರೆ ಬಿಡಿ, ಅದು ಮೀನು. ಸಿಹಿ ಬೇಕಿದ್ದರೆ ಮೊದಲನೇ ಬೀದಿಯಲ್ಲಿ ಫುಗೆತ್ಸುದೊ ಇದೆ. 1903ರಿಂದ ಅಕ್ಕಿ ಹಿಟ್ಟಿನ ಮೋಚಿ ಮಾಡುತ್ತಿದ್ದಾರೆ. ಒಳಗಿನ ಹುರುಳಿಯಂಥ ಕೆಂಪು ಕಾಳಿನ ಹೂರಣ ನಮ್ಮ ನಾಲಿಗೆಗೆ ಹೊಸದಲ್ಲ.

ಇದ್ಯಾವುದೂ ಆಗಲಿಲ್ಲ ಎಂದರೆ ಬಣ್ಣಬಣ್ಣದ ಕೊಡೆ ಕಟ್ಟಿದ ಹಣ್ಣಿನ ಗಾಡಿ. ಮಾವು, ಸೌತೆಕಾಯಿ, ಕಲ್ಲಂಗಡಿ, ಹಿಕಮಾ ಗೆಡ್ಡೆ ಎಲ್ಲ ಎದುರಿಗೇ ಹೆಚ್ಚಿ, ನಿಂಬೆಹಣ್ಣು ಹಿಂಡಿ, ಉಪ್ಪು ಖಾರ ಉದುರಿಸಿ ಕೊಡುತ್ತಾರೆ. ಊರಲ್ಲಿ ಬಸ್ ಸ್ಟ್ಯಾಂಡ್ ಮುಂದೆ ತಿಂದ ರುಚಿಯೇ. ಎರಡು ಚಪಾತಿ ಬ್ಯಾಗಿನಲ್ಲಿದ್ದರೆ ಇದರ ಜೊತೆಗೆ ಊಟ ಮುಗಿಯಿತು.

ಪ್ರಶ್ನೆ: ಬಿಡುವಿನಲ್ಲಿ ನಮ್ಮ ಇಂಡಿಯನ್ ಹೋಟೆಲ್‌ಗಳಿರುವ ಆರ್ಟೀಸಿಯಾಕ್ಕೆ ಹೋಗಿ ದೋಸೆ ತಿಂದು ಬರಬಹುದಾ?

ಸುಮಾರು 20 ಮೈಲಿ. ಆಗುವುದಿಲ್ಲ, ಹಿಂದಿನ ಸಂಜೆಯೇ ಇಡ್ಲಿ ಕಟ್ಟಿಸಿಕೊಂಡು ಬನ್ನಿ.

ಪ್ರಶ್ನೆ: ನಾನು ಮಾಂಸ ತಿನ್ನುತ್ತೇನೆ. ಎಲ್ಲಿಗೆ ಹೋಗಲಿ?

ನಿಮಗೇನು ಕಷ್ಟ? ಫ್ರೀವೇ ಮೇಲಿನ ಸೇತುವೆ ದಾಟಿ ಒಲ್ವೆರಾ ಬೀದಿಗೆ ಹೋಗಿ. ಸಿಯೆಲಿಟೊ ಲಿಂಡೊ ಅಂಗಡಿಯಲ್ಲಿ 1934ರಿಂದ ಟಾಕೀಟೊ ಮಾಡುತ್ತಿದ್ದಾರೆ, ಅಂದರೆ ಮಾಂಸ ಇಟ್ಟು ಸುರುಳಿ ಸುತ್ತಿ ಕರಿದ ಮೆಕ್ಕೆಜೋಳದ ರೊಟ್ಟಿ.

ಪ್ರಶ್ನೆ: ಸಮನ್ಸ್ ಹರಿದು ಹಾಕಿದರೆ ಏನೂ ಆಗಲ್ಲ ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ನಿಜವಾ?

ಸುಳ್ಳು. 1,500 ಡಾಲರ್ ವರೆಗೆ ದಂಡ ಇದೆ. ಗ್ರೀನ್ ಕಾರ್ಡ್‌ನವರೂ 'ನಾನು ಪ್ರಜೆಯಲ್ಲ' ಎಂದು ಉತ್ತರ ಕಳಿಸಲೇಬೇಕು. ಜ್ಯೂರಿಗೆ ಬರಲಿಲ್ಲ, ಗಿಫ್ಟ್ ಕಾರ್ಡ್‌ನಲ್ಲಿ ದಂಡ ಕಟ್ಟಿ ಎಂದು ಫೋನ್ ಬಂದರೆ ಅದು ಕಳ್ಳರ ಕೆಲಸ, ಇಟ್ಟುಬಿಡಿ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ. ಕೋರ್ಟ್ ದಿನ ಊಟದ ಬದಲು ಬರೀ ಜ್ಯೂಸ್ ಕುಡಿದರೆ ಹಗುರ ಇರುತ್ತದೆ ಅಂತ ಒಬ್ಬರು ವಿಡಿಯೊದಲ್ಲಿ ಹೇಳಿದ್ದಾರೆ.

ಆ ವಿಡಿಯೊ ಮಾಡಿದವರು ನಿಮ್ಮ ಡಾಕ್ಟರ್ ಅಲ್ಲ. ಊಟ ಬಿಟ್ಟು ಜ್ಯೂಸ್ ಕುಡಿಯುವುದು ನಿಮಗೆ ಅಪಾಯ. ಮಾತ್ರೆ ಅಥವಾ ಇನ್ಸುಲಿನ್ ತಗೊಂಡು ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಸಕ್ಕರೆ ತೀರಾ ಇಳಿಯಬಹುದು. ಮೊದಲ ದಿನವೇ ಬೇಲಿಫ್‌ಗೆ, ಅಂದರೆ ಕೋರ್ಟಿನ ಕಾವಲು ಅಧಿಕಾರಿಗೆ, ಹೇಳಿ: ನನಗೆ ಡಯಾಬಿಟಿಸ್, ಊಟದ ಹೊತ್ತು ತಪ್ಪುವ ಹಾಗಿಲ್ಲ, ಬ್ಯಾಗಿನಲ್ಲಿ ತಿನ್ನಲು ಇಟ್ಟುಕೊಂಡಿದ್ದೇನೆ. ಇದನ್ನು ಹೇಳಲು ಯಾವ ಸಂಕೋಚವೂ ಬೇಡ. ಮಧ್ಯದಲ್ಲಿ ಬೆವರು, ನಡುಕ ಬಂದರೆ ಕೈ ಎತ್ತಿ. ವಿಚಾರಣೆ ಐದು ನಿಮಿಷ ನಿಂತರೂ ಪರವಾಗಿಲ್ಲ.

ಪ್ರಶ್ನೆ: ನಮ್ಮ ದೇಶದಲ್ಲಿ ಜ್ಯೂರಿ ಇಲ್ಲವಲ್ಲ, ಯಾಕೆ?

ಇತ್ತು. 1959ರ ನಾನಾವತಿ ಕೊಲೆ ಕೇಸಿನಲ್ಲಿ ಆರೋಪಿ ನಿರ್ದೋಷಿ ಎಂದು ಬೊಂಬಾಯಿಯ ಜ್ಯೂರಿ ಕೊಟ್ಟ ತೀರ್ಪನ್ನು ಹೈಕೋರ್ಟ್ ಒಪ್ಪಲಿಲ್ಲ. 1973ರ ಅಪರಾಧ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ.

ಪ್ರಶ್ನೆ: ಬೇರೆ ಜ್ಯೂರರ್‌ಗಳ ಜೊತೆ ಊಟಕ್ಕೆ ಹೋಗಬಹುದಾ?

ಧಾರಾಳವಾಗಿ. ಕೇಸ್ ಬಿಟ್ಟು ಏನು ಬೇಕಾದರೂ ಮಾತಾಡಿ. ಜ್ಯೂರರ್ ಬ್ಯಾಡ್ಜ್ ತೆಗೆಯಬೇಡಿ. ಅದನ್ನು ನೋಡಿದರೆ ವಕೀಲರು, ಸಾಕ್ಷಿಗಳು ನಿಮ್ಮಿಂದ ದೂರ ಇರುತ್ತಾರೆ, ಕೆಲವು ಅಂಗಡಿಯವರು ಒಂದು ಡಾಲರ್ ಬಿಟ್ಟರೂ ಬಿಟ್ಟಾರು, ಕೇಳಿ ನೋಡಿ. ಮಾರ್ಕೆಟ್‌ನ ಮೇಜುಗಳು ಒತ್ತೊತ್ತಾಗಿವೆ. ಒಂದು ಸಲ ನಮ್ಮ ಕೇಸಿನ ವಕೀಲರೇ ಬಂದು ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಅವರು ಫೋನಿನಲ್ಲಿ ಮಾತು ಶುರು ಮಾಡುವ ಮೊದಲೇ ನಾನು ತಟ್ಟೆ ಎತ್ತಿಕೊಂಡು ಆಚೆ ತುದಿಗೆ ಹೋಗಿ ನಿಂತು ತಿಂದೆ. ನೀವೂ ಹಾಗೇ ಮಾಡಿ. ಅಷ್ಟರೊಳಗೆ ಒಂದು ಮಾತು ಕಿವಿಗೆ ಬಿದ್ದರೂ 1:30ಕ್ಕೆ ಒಳಗೆ ಹೋದ ತಕ್ಷಣ ಬೇಲಿಫ್‌ಗೆ ತಿಳಿಸಿ.